ಅಮ್ಮ ಟೋನರ್ ಬಿಟ್ಟ ವರ್ಷ

ಸೋಪು ಹಾಕಿ ಮುಖ ತೊಳೆದಾಯಿತು, ಇನ್ನು ಟೋನರ್ ಯಾಕೆ ದಂಡಕ್ಕೆ ಎಂದು ಕೇಳುವವರು ವಾರಕ್ಕೊಬ್ಬರಾದರೂ ನನ್ನ ಅಂಗಡಿಗೆ ಬರುತ್ತಾರೆ. ಅವರಿಗೆ ನಾನು ಉತ್ತರ ಕೊಡುವುದಿಲ್ಲ, ಕನ್ನಡಿ ಕೊಡುತ್ತೇನೆ. ಕನ್ನಡಿಯೊಳಗಿಂದ ಅವರ ಹೆಂಡತಿಯೋ, ಆಫೀಸಿನ ಮ್ಯಾನೇಜರೋ, ಬಸ್ಸಿನಲ್ಲಿ ಎದುರಿಗೆ ಕೂತಿದ್ದ ಯಾರೋ ಅವರನ್ನು ನೋಡುತ್ತಿರುತ್ತಾರೆ. ಆಮೇಲೆ ಅವರು ಬಾಯಿ ಮುಚ್ಚಿಕೊಂಡು ಒಂದು ಬಾಟಲಿ ತೆಗೆದುಕೊಂಡು ಹೋಗುತ್ತಾರೆ.

ನಮ್ಮೂರಿನಲ್ಲಿ ಯಾರನ್ನು ಹೆಚ್ಚು ಹೊತ್ತು ನೋಡುತ್ತೇವೋ ಅವರ ಮುಖ ನಮಗೆ ಹತ್ತುತ್ತದೆ. ಹಿಂದಿನಿಂದಲೂ ಹಾಗೆಯೇ. ಕಣ್ಣು ಕೀಳದೆ ಒಂದು ಗಂಟೆ ನೋಡಿದರೆ ಪೂರ್ತಿ ಬರುತ್ತದೆ. ಅಲ್ಲೊಂದು ಇಲ್ಲೊಂದು ನೋಟಕ್ಕೆ ಮೂಗೋ ಗಲ್ಲವೋ ಬಂದು ಕೂರುತ್ತದೆ. ಮೀಸೆ ಬರುವುದಿಲ್ಲ, ಮೀಸೆಗೆ ಬೇಕಾದ ಜಾಗ ಮಾತ್ರ ಬರುತ್ತದೆ. ಜೀವಂತ ಮನುಷ್ಯರೇ ಆಗಬೇಕೆಂದಿಲ್ಲ, ಫೋಟೊ ಆದರೂ ನಡೆಯುತ್ತದೆ. ಟೈಲರ್ ಹಾಲಪ್ಪನ ಮಿಷಿನ್ನಿನ ಎದುರಿಗೆ ಒಬ್ಬ ಸಿನಿಮಾ ನಟನ ಕ್ಯಾಲೆಂಡರ್ ಇದೆ. ಇಪ್ಪತ್ತು ವರ್ಷದಿಂದ ನಮ್ಮೂರಿನ ಪ್ಯಾಂಟುಗಳನ್ನೆಲ್ಲ ಆ ನಟನೇ ಹೊಲಿದುಕೊಡುತ್ತಿದ್ದಾನೆ. ಚುನಾವಣೆಯ ತಿಂಗಳಲ್ಲಿ ಗೋಡೆಗೋಡೆಗೂ ಪೋಸ್ಟರ್ ಬೀಳುವುದರಿಂದ ಊರಿಗೆ ಊರೇ ಅಭ್ಯರ್ಥಿಗಳ ಹಾಗೆ ಕಾಣುತ್ತದೆ, ಮತ್ತು ನನ್ನ ವ್ಯಾಪಾರ ಚೆನ್ನಾಗಿ ನಡೆಯುತ್ತದೆ.

ಇದಕ್ಕೊಂದು ಕ್ರಮವಿದೆ. ಬೆಳಿಗ್ಗೆ ಹತ್ತಿದ ಮುಖವನ್ನು ಮಧ್ಯಾಹ್ನದೊಳಗೆ ತೊಳೆದರೆ ಬರೀ ನೀರಿಗೂ ಹೋಗುತ್ತದೆ. ಶಾಲೆಯ ಮಕ್ಕಳು ಊಟದ ಗಂಟೆ ಹೊಡೆದ ಕೂಡಲೇ ನಲ್ಲಿಗೆ ಓಡುವುದು ಅದಕ್ಕೇ. ಮೇಷ್ಟರ ಮುಖ ಇಟ್ಟುಕೊಂಡು ಚಿತ್ರಾನ್ನ ತಿನ್ನುವುದು ಯಾವ ಮಗುವಿಗೂ ಇಷ್ಟವಿಲ್ಲ. ಹೊತ್ತು ಇಳಿದ ಮೇಲೆ ಮುಖ ಕಚ್ಚಿಕೊಳ್ಳುತ್ತದೆ. ಆಗ ಸೋಪು ಧೂಳು ತೆಗೆಯುತ್ತದೆ, ಜಿಡ್ಡು ತೆಗೆಯುತ್ತದೆ, ಮುಖ ತೆಗೆಯುವುದಿಲ್ಲ. ಹತ್ತಿಗೆ ಟೋನರ್ ಹಾಕಿ, ಕುತ್ತಿಗೆಯಿಂದ ಮೇಲಕ್ಕೆ, ಉಜ್ಜದೆ, ಮೆಲ್ಲಗೆ ಒತ್ತಿ ಒರೆಸಬೇಕು. ಹತ್ತಿಯ ಮೇಲೆ ಟೀ ಕಲೆಯಂಥದ್ದು ಬರುತ್ತದೆ. ಅದು ಬೆಳ್ಳಗಾಗುವವರೆಗೆ ಒರೆಸಿ, ಆರಲು ಬಿಟ್ಟು, ಆಮೇಲೆ ಕ್ರೀಮು. ಮಧ್ಯದ ಟೋನರ್ ಬಿಟ್ಟು ನೇರ ಕ್ರೀಮಿಗೆ ಹಾರಿದವರ ಗತಿ ಕೇಳಬೇಡಿ. ಕ್ರೀಮು ಒಳಗಿರುವುದನ್ನು ಕಾಪಾಡುತ್ತದೆ, ಒಳಗಿರುವುದು ಯಾರೆಂದು ಕೇಳುವುದಿಲ್ಲ. ಹಾಗೆ ಕೂತ ಮುಖವನ್ನು ತೆಗೆಯಲು ವಾರಗಟ್ಟಲೆ ಹಿಡಿಯುತ್ತದೆ, ಬಾಟಲಿಗಟ್ಟಲೆ ಖರ್ಚಾಗುತ್ತದೆ.

ನಾನು ಟೋನರ್ ಕಾಯಿಸುವುದು ಗುಲಾಬಿ ದಳ ಮತ್ತು ಲಾವಂಚದಿಂದ. ಎದುರು ಸಾಲಿನಲ್ಲಿ ನಾಗಭೂಷಣ ಎಂಬವನೊಬ್ಬ ಅಂಗಡಿ ಇಟ್ಟಿದ್ದಾನೆ. ಅವನದು ನಲ್ಲಿ ನೀರಿಗೆ ಸೆಂಟು ಎಂದು ಊರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ಅವನು ನನ್ನ ಬಗ್ಗೆ ಏನೂ ಹೇಳುವುದಿಲ್ಲ, ಅದು ನನಗೆ ಇನ್ನೂ ಸಿಟ್ಟು ತರಿಸುತ್ತದೆ.

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನುತ್ತಾರಲ್ಲ, ಹಾಗೆ ಊರಿಗೆ ಟೋನರ್ ಪಾಠ ಹೇಳುವವಳ ಮನೆಯಲ್ಲೇ ನಮ್ಮಮ್ಮ ತುಂಗಮ್ಮ ಟೋನರ್ ಮುಟ್ಟದೆ ಒಂದು ವರ್ಷಕ್ಕೆ ಮೇಲಾಗಿತ್ತು. ಊರಿಗೆಲ್ಲ ಗೊತ್ತಿತ್ತು. ನನ್ನೆದುರು ಯಾರೂ ಎತ್ತುತ್ತಿರಲಿಲ್ಲ.

ನಮ್ಮಪ್ಪ ರುದ್ರಯ್ಯ ಪುರಸಭೆಯಲ್ಲಿ ನೀರಿನ ಮೀಟರ್ ಓದುತ್ತಿದ್ದರು. ಯಾವ ಮೀಟರನ್ನೂ ಪೂರ್ತಿ ನಂಬದೆ ಓದಿ ಓದಿ ಅವರ ಎಡಗಡೆಯ ಹುಬ್ಬು ಮೇಲಕ್ಕೆ ಹೋಗಿ ಅಲ್ಲೇ ನಿಂತಿತ್ತು. ಕೊನೆಯ ಆರೇಳು ತಿಂಗಳು ಅವರು ಹಾಸಿಗೆ ಬಿಟ್ಟು ಏಳಲಿಲ್ಲ. ಅಮ್ಮ ಪಕ್ಕದಲ್ಲಿ ಕೂತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಂಡಳು. ಅವಳು ನೋಡುತ್ತಿದ್ದದ್ದು ಅವರೊಬ್ಬರನ್ನೇ. ತನ್ನ ಮುಖ ಒರೆಸಿಕೊಳ್ಳಲು ಅವಳಿಗೆ ಪುರುಸೊತ್ತು ಎಲ್ಲಿತ್ತು? ಅಪ್ಪ ತೀರಿಕೊಂಡ ದಿನ ನಮ್ಮ ಮನೆಯಲ್ಲಿ ಅಪ್ಪನ ಮುಖ ಎರಡಿತ್ತು. ಒಂದನ್ನು ಹೊತ್ತುಕೊಂಡು ಹೋದರು. ಇನ್ನೊಂದು ಅಡುಗೆಮನೆಗೆ ಹೋಗಿ ಬಂದವರಿಗೆಲ್ಲ ಕಾಫಿಗೆ ನೀರಿಟ್ಟಿತು.

ತಿಥಿ ಮುಗಿದ ಮೇಲೆ ಅಮ್ಮ ನನ್ನ ಅಂಗಡಿಯದೇ ಬಾಟಲಿಗಳನ್ನು ಇಟ್ಟುಕೊಂಡು ದಿನವೂ ಒರೆಸಿದಳು. ಒಂದು ಸಂಜೆ ಹತ್ತಿ ಬೆಳ್ಳಗೆ ಬಂತು. ಅವಳು ತನ್ನ ಮುಖದಲ್ಲಿ ಊಟಕ್ಕೆ ಕೂತಳು, ನಾನು ಮತ್ತು ನನ್ನ ತಂಗಿ ಕುಮುದ ತಟ್ಟೆ ನೋಡಿಕೊಂಡು ಕೂತೆವು. ಮಾರನೆಯ ದಿನ ಎದ್ದು ನೋಡಿದರೆ ಹಿತ್ತಿಲ ಬಾಗಿಲಲ್ಲಿ ಹಾಲಿನ ಪಾತ್ರೆ ಹಿಡಿದುಕೊಂಡು ಅಪ್ಪನ ಮುಖವೇ ನಿಂತಿತ್ತು, ಎಡಹುಬ್ಬು ಮೇಲೆ. ತಿಂಗಳುಗಟ್ಟಲೆ ಕೂತ ಮುಖ ಒಂದೇ ಸಲಕ್ಕೆ ಹೋಗುವುದಿಲ್ಲ, ಒಳಗಿಂದ ಮತ್ತೆ ಎದ್ದು ಬರುತ್ತದೆ ಎಂದು ನಾನು ತೀರ್ಮಾನ ಮಾಡಿದೆ. ಗಿರಾಕಿಗಳಿಗೂ ಹಾಗೆಯೇ ಹೇಳತೊಡಗಿದೆ. ಅಮ್ಮ ಮತ್ತೆ ಹತ್ತಿ ಮುಟ್ಟಿದ್ದನ್ನು ನಾವು ಕಾಣಲಿಲ್ಲ. ಮೇಲೆ ದಪ್ಪಗೆ ಕ್ರೀಮು ಹಚ್ಚಿ ಭದ್ರ ಮಾಡಿಕೊಂಡಿದ್ದಾಳೆ ಎಂದುಕೊಂಡೆವು. ಅವಳನ್ನು ಕೇಳಲಿಲ್ಲ. ಕೇಳಿದರೆ ಎಲ್ಲಿ ಅಪ್ಪ ಎದ್ದು ಹೊರಟುಬಿಡುತ್ತಾರೋ ಎಂದು ಭಯ.

ಹಾಗಾಗಿ ಅಪ್ಪ ಇದ್ದರು. ಸೊಪ್ಪು ಬಿಡಿಸುತ್ತಿದ್ದರು, ಕುಂಕುಮ ಇಡದೆ ದೇವರ ದೀಪ ಹಚ್ಚುತ್ತಿದ್ದರು, ಸೀರೆ ಉಟ್ಟುಕೊಂಡು ಮಾರ್ಕೆಟ್ಟಿಗೆ ಹೋಗುತ್ತಿದ್ದರು. ನೀರಿನ ಬಿಲ್ಲು ಕಟ್ಟದವರು ಅಮ್ಮನನ್ನು ದೂರದಲ್ಲಿ ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು. ಕುಮುದ ಶಿಶುವಿಹಾರದಲ್ಲಿ ಟೀಚರು. ಸಂಜೆ ಮನೆಗೆ ಬರುವಾಗ ಅವಳಿಗೆ ನಾಲ್ಕು ವರ್ಷದ ಮಗುವಿನ ಮುಖ ಇರುತ್ತಿತ್ತು. ಬಂದವಳೇ ಚೀಲ ಎಸೆದು ಅಮ್ಮನ ಎದುರಿಗೆ ಕೂತು, ಅಪ್ಪನ ಮುಖಕ್ಕೆ ಆ ದಿನದ ಕಥೆಯೆಲ್ಲ ಒಪ್ಪಿಸುತ್ತಿದ್ದಳು. ನಾನು ಅಂಗಡಿ ಮುಚ್ಚಿ ಬಂದು ಪಕ್ಕದಲ್ಲಿ ಕೂರುತ್ತಿದ್ದೆ. ಊಟ ಮುಗಿಯುವ ಹೊತ್ತಿಗೆ ಮೂವರಿಗೂ ಅಪ್ಪನ ಹುಬ್ಬು ಬಂದಿರುತ್ತಿತ್ತು. ನಾವಿಬ್ಬರು ಒರೆಸಿಕೊಂಡು ಮಲಗುತ್ತಿದ್ದೆವು. ನನಗೆ ನಾಚಿಕೆಯೇನಿಲ್ಲ, ಹೇಳುತ್ತೇನೆ, ಆ ವರ್ಷ ನಾನು ಸುಖವಾಗಿದ್ದೆ. ಅಪ್ಪ ಸತ್ತ ದುಃಖವನ್ನು ಅಪ್ಪನ ಮುಖಕ್ಕೇ ಹೇಳಿಕೊಂಡು ಹಗುರಾಗುವ ಭಾಗ್ಯ ಯಾರಿಗೆ ಸಿಗುತ್ತದೆ?

ಶ್ರೀಕಂಠನ ವಿಷಯವನ್ನೂ ಕುಮುದ ಆ ಮುಖಕ್ಕೇ ಹೇಳಿದಳು. ಅವನು ಅವಳ ಶಾಲೆಯ ಪಕ್ಕದ ಔಷಧಿ ಅಂಗಡಿಯವನು. ಹುಬ್ಬು ಇನ್ನೂ ಸ್ವಲ್ಪ ಮೇಲೆ ಹೋಯಿತು, ಆಮೇಲೆ ಅಮ್ಮ ಒಪ್ಪಿದಳು. ಶ್ರೀಕಂಠನಿಗೆ ತಾಯಿ ಮಾತ್ರ ಇದ್ದರು, ಗಿರಿಜಾಂಬ ಎಂದು, ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತರಾದವರು. ಅವರೂ ಒಪ್ಪಿದರು. ನಿಶ್ಚಿತಾರ್ಥಕ್ಕೆ ದಿನ ನೋಡಿದ್ದಾಯಿತು. ಆಗ ನನಗೆ ಶಾಸ್ತ್ರ ನೆನಪಾಯಿತು.

ನಮ್ಮಲ್ಲಿ ನಿಶ್ಚಿತಾರ್ಥವೆಂದರೆ ಮುಖ ಒರೆಸುವ ಶಾಸ್ತ್ರ. ಹುಡುಗ ಹುಡುಗಿ ಒಬ್ಬರ ಮುಖ ಒಬ್ಬರು ಒರೆಸಬೇಕು. ಆಮೇಲೆ ಬೀಗಿತ್ತಿಯರಿಬ್ಬರು. ಟೋನರು ಹತ್ತಿ ಎರಡೂ ಹೆಣ್ಣಿನ ಮನೆಯದು. ಎಷ್ಟು ಬಾಟಲಿ ಹಿಡಿದರೂ ಸರಿ, ಹತ್ತಿ ಬೆಳ್ಳಗೆ ಬಂದ ಮೇಲೆ 'ಮುಖ ಕಂಡೆವು' ಎಂದು ಸಭೆಗೆ ಹೇಳಬೇಕು. ಹೇಳಿದ ಮೇಲೆಯೇ ತಟ್ಟೆ ಬದಲಾಯಿಸುವುದು. ಯಾರದೋ ಮುಖ ಹಾಕಿಕೊಂಡು ಬಂದು ಹೆಣ್ಣು ಕೇಳಿದವರ ಕಥೆಗಳು ನಮ್ಮೂರಿನಲ್ಲಿ ಬೇಕಾದಷ್ಟಿವೆ, ಹಾಗಾಗಿ ಈ ಶಾಸ್ತ್ರಕ್ಕೆ ಯಾರೂ ಚೌಕಾಸಿ ಮಾಡುವುದಿಲ್ಲ. ಅಮ್ಮ ಒರೆಸಿಸಿಕೊಳ್ಳಲು ಕೂತರೆ ಅಪ್ಪ ಹೋಗುತ್ತಾರೆ. ಕೂರದಿದ್ದರೆ ಕುಮುದಳ ಮದುವೆ ಹೋಗುತ್ತದೆ. ಕುಮುದ ಎರಡು ದಿನ ಅತ್ತು, ಈ ಮದುವೆಯೇ ಬೇಡ ಎಂದಳು. ಅಮ್ಮ ಹುರುಳಿಕಾಯಿ ಮುರಿಯುತ್ತಾ, "ಒರೆಸ್ಲಿ ಬಿಡು, ಏನೀಗ," ಎಂದಳು. ಎಷ್ಟು ದೊಡ್ಡ ತ್ಯಾಗ ಮಾಡುತ್ತಿದ್ದಾಳಲ್ಲ ಎಂದುಕೊಂಡೆ.

ಹಾಗಾಗಿ ನಾಗಭೂಷಣ ಮಾಡುತ್ತಾನೆಂದು ಊರಿಗೆಲ್ಲ ಹೇಳಿದ್ದ ಕೆಲಸವನ್ನು ನಾನು ಮಾಡಿದೆ. ನಿಶ್ಚಿತಾರ್ಥಕ್ಕೆ ಎರಡು ಬಾಟಲಿ ತುಂಬಿದೆ. ಒಂದರಲ್ಲಿ ನನ್ನ ಅಂಗಡಿಯ ಅಸಲಿ ಟೋನರು. ಇನ್ನೊಂದರಲ್ಲಿ ಬಾವಿ ನೀರು, ಪರಿಮಳಕ್ಕೆ ನಾಲ್ಕು ಹನಿ ಪನ್ನೀರು. ಲೆಕ್ಕ ಸರಳವಾಗಿತ್ತು. ಅಮ್ಮನ ಮೇಲಿರುವುದು ವರ್ಷದ ಮುಖ, ಮೇಲೆ ಕ್ರೀಮಿನ ಪದರ. ನೀರಿಗೆ ಅದು ಅಲ್ಲಾಡುವುದಿಲ್ಲ. ಹತ್ತಿ ಬೆಳ್ಳಗೆ ಬರುತ್ತದೆ. ಯಾರ ಮುಖವೆಂದು ಗೊತ್ತಿದ್ದರೂ ಬೆಳ್ಳಗಿನ ಹತ್ತಿಯ ಮೇಲೆ ಶಾಸ್ತ್ರ ಮಾತಾಡುವುದಿಲ್ಲ, ಗಿರಿಜಾಂಬ ಮುಖ ಕಂಡೆವು ಎನ್ನುತ್ತಾರೆ. ಮದುವೆಯೂ ಆಗುತ್ತದೆ, ಅಪ್ಪನೂ ಇರುತ್ತಾರೆ. ಮೋಸವಲ್ಲವೇ ಎಂದರೆ ಮೋಸವೇ. ಆದರೆ ಯಾರ ಗಂಟು ಹೋಯಿತು?

ಬೀಗರು ಬೆಳಿಗ್ಗೆ ತಿಂಡಿಯ ಹೊತ್ತಿಗೇ ಬಂದರು. ನೆಂಟರು, ಅಕ್ಕಪಕ್ಕದವರು ಎಲ್ಲ ಸೇರಿ ನಡುಮನೆ ತುಂಬಿತ್ತು. ಕುಮುದ ಹಸೆಯ ಮೇಲೆ ಕೂರುವ ಮುಂಚೆ ಅಮ್ಮನ ಕಾಲಿಗೆ ನಮಸ್ಕಾರ ಮಾಡಿ ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಶ್ರೀಕಂಠನನ್ನು ಒರೆಸಿದಳು. ಹತ್ತಿಯ ಕಲೆ ನೋಡಿ ಎಲ್ಲರೂ ಮುಂದೆ ಬಗ್ಗಿದರು. ಅವನಿಗೆ ಹತ್ತಿದ್ದದ್ದು ಕುಮುದಳದೇ ಮುಖ. ಬೆಳಿಗ್ಗೆಯಿಂದ ಅವಳ ಫೋಟೊ ನೋಡುತ್ತಾ ಕೂತಿದ್ದನಂತೆ. ಹೆಂಗಸರು ನಕ್ಕರು, ಅವನು ಕಿವಿಯವರೆಗೆ ಕೆಂಪಾದ. ಅವನು ಒರೆಸಿದಾಗ ಕುಮುದಳ ಮುಖದಿಂದ ಅಪ್ಪನ ಹುಬ್ಬಿನದೊಂದು ಎಳೆ ಹೋಯಿತು, ಅಷ್ಟೇ.

ಅಮ್ಮ ಗಿರಿಜಾಂಬರನ್ನು ಅಸಲಿ ಟೋನರಿನಲ್ಲಿ ಒರೆಸಿದಳು. ಅವರಿಂದ ಟಿವಿ ಧಾರಾವಾಹಿಯ ಒಬ್ಬ ಘಟವಾಣಿ ಅತ್ತೆಯ ಮುಖ ಹೊರಬಂತು. ಹಿಂದಿನ ಸಂಜೆ ಟೋನರ್ ಮರೆತಿದ್ದೆ ಎಂದು ಅವರು ಸಭೆಗೆ ಕ್ಷಮೆ ಕೇಳಿದರು. ಕೆಳಗೆ ಕಂಡದ್ದು ಸುಸ್ತಾದ, ಒಳ್ಳೆಯ ಮುಖ. ಅಮ್ಮ ಮುಖ ಕಂಡೆವು ಎಂದಳು. ಆಮೇಲೆ ನಾನು ಬಾಟಲಿ ಬದಲಿಸಿ ಗಿರಿಜಾಂಬರ ಕೈಗೆ ಕೊಟ್ಟೆ.

ಅವರು ಹತ್ತಿ ಅದ್ದಿ, ಶಾಸ್ತ್ರದ ಪ್ರಕಾರ ಕುತ್ತಿಗೆಯಿಂದ ಮೇಲಕ್ಕೆ ಒಂದೇ ಒಂದು ಸಲ ಒರೆಸಿದರು. ಗಲ್ಲ ಹೋಯಿತು, ಮೂಗು ಹೋಯಿತು, ಎಡಗಡೆಯ ಹುಬ್ಬು ಇಳಿದು ಬಲಗಡೆಯದರ ಸಮಕ್ಕೆ ಬಂದು ನಿಂತಿತು. ಒಂದೇ ಒರೆಸಿಗೆ. ಕುಮುದ ಅಕ್ಕಾ ಎಂದಳು. ನಾನು ಬಾಟಲಿ ಅದಲು ಬದಲಾಗಿದೆ ಎಂದುಕೊಂಡು ಮೂಸಿ ನೋಡಿದೆ. ಬಾವಿ ನೀರೇ.

ಇಪ್ಪತ್ತು ವರ್ಷ ಇದೇ ಕಸುಬು ಮಾಡಿದವಳಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಬರೀ ನೀರಿಗೆ ಹೋಗುವುದು ಬೆಳಿಗ್ಗೆ ಹತ್ತಿದ ಮುಖ. ಕ್ರೀಮು ಕಾಣದ ಮುಖ. ಅದು ವರ್ಷದ್ದಲ್ಲ, ಅವತ್ತಿನದು.

ಕೆಳಗೆ ಅಮ್ಮ ಇದ್ದಳು. ಕಣ್ಣಿನ ಸುತ್ತ ಕಪ್ಪಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. ತುಟಿಯ ಪಕ್ಕದಲ್ಲಿ ಅವಳಿಗೊಂದು ಮಚ್ಚೆ ಇದೆ, ಅದು ನನಗೆ ಮರೆತೇಹೋಗಿತ್ತು. ಈ ವರ್ಷವೆಲ್ಲ ಅವಳಿಗೆ ವಯಸ್ಸಾಗಿದೆ, ನಮ್ಮ ಕಣ್ಣೆದುರಿಗೇ, ನಾವು ಯಾರೂ ನೋಡದೆ. ಗಿರಿಜಾಂಬ ಅವಳ ಗಲ್ಲ ಹಿಡಿದುಕೊಂಡು ತುಸು ಹೊತ್ತು ನೋಡಿ, ತುಂಗಮ್ಮನವರ ಮುಖ ಕಂಡೆವು ಎಂದರು. ತಟ್ಟೆ ಬದಲಾಯಿಸಿದರು. ಯಾರೋ ಸಕ್ಕರೆ ಹಂಚಿದರು.

ಪಂಕ್ತಿ ಕೂತ ಮೇಲೆ ನಾನು ಅಮ್ಮನನ್ನು ಹಿಂದಿನ ಕೋಣೆಗೆ ಎಳೆದುಕೊಂಡು ಹೋದೆ. ಆ ಕೋಣೆಯಲ್ಲಿ ಅವಳು ಒಬ್ಬಳೇ ಮಲಗುತ್ತಿದ್ದಳು. ನಮಗಿಂತ ಮೊದಲೇ ಎದ್ದು ಬಾಗಿಲು ಹಾಕಿಕೊಂಡು ಜಪ ಮಾಡುತ್ತಾಳೆಂದು ನಾವು ಗಲಾಟೆ ಮಾಡುತ್ತಿರಲಿಲ್ಲ. ಇದೇನು ಎಂದು ಕೇಳಿದೆ. ಅವಳು ಮಂಚದ ಮೇಲೆ ಕೂತು, ತಪ್ಪು ಸಿಕ್ಕಿಬಿದ್ದವರ ಹಾಗೆ ಸೆರಗಿನ ಅಂಚು ಮಡಿಸುತ್ತಾ ಹೇಳಿದಳು. ದಿನಾ ಬೆಳಿಗ್ಗೆ ಅಪ್ಪನ ಫೋಟೊ ಮುಂದಿಟ್ಟುಕೊಂಡು ಕೂರುತ್ತಿದ್ದಳಂತೆ. ರಾತ್ರಿ ನಾವು ಮಲಗಿದ ಮೇಲೆ ಒರೆಸಿ ತೆಗೆಯುತ್ತಿದ್ದಳಂತೆ. ಮಾರನೆಯ ದಿನ ಮತ್ತೆ. ಮೊದಲ ಸಲ ಪೂರ್ತಿ ಒರೆಸಿಕೊಂಡ ಸಂಜೆ ನಾವಿಬ್ಬರೂ ತುತ್ತು ಎತ್ತದೆ ತಟ್ಟೆ ನೋಡುತ್ತಾ ಕೂತಿದ್ದನ್ನು ನೋಡಿದ್ದಳು.

"ಮಾರನೇ ದಿನ ಅವರ ಮುಖ ಹಾಕ್ಕೊಂಡು ಬಡಿಸ್ದೆ. ನೀನು ಎರಡು ಸಲ ಅನ್ನ ಹಾಕಿಸ್ಕೊಂಡೆ. ಇನ್ನೇನು ಮಾಡ್ಲಿ ಹೇಳು."

ಇವತ್ತೂ ಯಾಕೆ ಹಾಕಿಕೊಂಡೆ ಎಂದೆ. ಕುಮುದ ಹಸೆಯ ಮೇಲೆ ಕೂರುವಾಗ ಅವರು ಇರಲಿ ಎಂದಳು. ಸುಲಭವಾಗಿ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು, ಅದಕ್ಕೇ ಒರೆಸಲಿ ಬಿಡು ಎಂದಿದ್ದಳು. ನಾನು ನೀರು ತುಂಬಿದ್ದು ಮಾತ್ರ ಅವಳಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ನನಗೆ ಇನ್ನೊಂದು ಅನುಮಾನ ಉಳಿದಿತ್ತು. ಮನೆಯಲ್ಲಿ ಟೋನರಿನ ಬಾಟಲಿಗಳೆಲ್ಲ ನನ್ನ ಕಣ್ಣೆದುರಿಗೇ ಇರುತ್ತವೆ. ವರ್ಷವಿಡೀ ಅವಳು ಯಾವುದರಲ್ಲಿ ಒರೆಸಿಕೊಂಡಳು?

"ನಿನ್ನ ಅಂಗಡೀದು ಮುಟ್ಟಿದ್ರೆ ನಿಂಗೆ ಗೊತ್ತಾಗ್ತಿತ್ತಲ್ಲ," ಎಂದು ಅಮ್ಮ ನೆಲ ನೋಡಿದಳು. "ನಾಗಭೂಷಣನ ಹತ್ರ ತರ್ತಿದ್ದೆ. ಚೆನ್ನಾಗಿದೆ ಕಣೆ ಅವನ್ದು. ಉರಿಯಲ್ಲ."

ಬೇರೆ ದಿನವಾಗಿದ್ದರೆ ಇದಕ್ಕೆ ನಾನು ವಾರ ಮಾತು ಬಿಡುತ್ತಿದ್ದೆ. ಅವತ್ತು ಅವಳ ಪಕ್ಕದಲ್ಲಿ ಕೂತೆ. ನಿನಗೆ ಕಷ್ಟವಾಗಲಿಲ್ಲವೇ ಎಂದು ಕೇಳಿದೆ. ವರ್ಷದ ಮೇಲೆ ಕೇಳಿದ ಪ್ರಶ್ನೆ. ಎದ್ದು ಕೂರುವುದು, ಒರೆಸುವುದು ಏನೂ ಕಷ್ಟವಲ್ಲ ಎಂದಳು. ಊರಿನವರು ನೋಡಿ ಮಾತಾಡುವುದೂ ಕಷ್ಟವಲ್ಲ. ಹೊರಗೆ ಯಾರೋ ಹುಳಿ ಹುಳಿ ಎಂದು ಕೂಗುತ್ತಿದ್ದರು.

"ಅಳೋಕಾಗ್ತಿರ್ಲಿಲ್ಲ ಪಂಕಜ. ಒಂದು ದಿನ ಅಳು ಬಂತು, ಕನ್ನಡಿ ನೋಡಿದ್ರೆ ಅವರು ಅಳ್ತಿದಾರೆ. ಅವರು ಅತ್ತಿದ್ದನ್ನ ನಾನು ಯಾವತ್ತೂ ನೋಡಿರ್ಲಿಲ್ಲ. ಕಾಯಿಲೇಲೂ ಅತ್ತಿರ್ಲಿಲ್ಲ. ನಂಗೆ ನೋಡೋಕಾಗ್ಲಿಲ್ಲ, ನಿಲ್ಲಿಸ್ಬಿಟ್ಟೆ. ಆಮೇಲೆ ಬರ್ಲೇ ಇಲ್ಲ."

ಇಷ್ಟು ಹೇಳಿ ಅವಳು ಕೈಯಿಂದ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು, ತನ್ನದೇ ಹೌದೋ ಅಲ್ಲವೋ ಎಂದು ಪರೀಕ್ಷೆ ಮಾಡುವ ಹಾಗೆ. ಹೌದು ಎಂದು ಖಾತ್ರಿಯಾಯಿತೇನೋ. ಅಳಲು ಶುರುಮಾಡಿದಳು. ಅಪ್ಪ ಹೋದ ದಿನದ ಅಳು, ತಿಥಿಯ ಅಳು, ಅವರ ಚಪ್ಪಲಿಯನ್ನು ಯಾರಿಗೋ ಕೊಟ್ಟ ದಿನದ ಅಳು ಎಲ್ಲ ಒಟ್ಟಿಗೆ ಬಂತು. ಸದ್ದು ಹೊರಗೆ ಹೋಗದಿರಲೆಂದು ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಸುಮ್ಮನಿರು ಎನ್ನಲಿಲ್ಲ. ಎದುರಿಗೆ ಹೋಗಿ ನೆಲದ ಮೇಲೆ ಕೂತೆ. ನನಗೆ ಅವಳನ್ನು ನೋಡಬೇಕಾಗಿತ್ತು. ಒಂದು ವರ್ಷ ಅವಳ ಮುಖ ನೋಡುತ್ತಿದ್ದೇನೆ ಎಂದುಕೊಂಡು ಬೇರೆಯವರನ್ನು ನೋಡಿದ್ದೆ. ಅವಳು ಹೇಗೆ ಅಳುತ್ತಾಳೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಕೆಳತುಟಿ ಮೊದಲು ನಡುಗುತ್ತದೆ. ಹಣೆ ನಡುವೆ ಎರಡು ಗೆರೆ ಏಳುತ್ತದೆ. ಮಚ್ಚೆಯ ಹತ್ತಿರ ಕಣ್ಣೀರು ಒಂದು ಕ್ಷಣ ನಿಂತು ಆಮೇಲೆ ಇಳಿಯುತ್ತದೆ.

ಮೊದಲ ಪಂಕ್ತಿ ಎದ್ದಿತು, ಎರಡನೆಯದು ಕೂತಿತು. ಬಡಿಸಲು ಅಕ್ಕಪಕ್ಕದವರಿದ್ದರು. ಕುಮುದ ಒಮ್ಮೆ ಬಾಗಿಲು ತಳ್ಳಿ ಇಣುಕಿ, ಮತ್ತೆ ಎಳೆದುಕೊಂಡಳು. ಕೊನೆಗೆ ಅಮ್ಮನಿಗೆ ಅತ್ತು ಸಾಕಾಯಿತು. ಮಂಚದ ಮೇಲೆ ಉರುಳಿಕೊಂಡು ಹಾಗೆಯೇ ನಿದ್ದೆ ಹೋದಳು, ಹಗಲು ಹೊತ್ತಿನಲ್ಲಿ, ಮನೆ ತುಂಬ ನೆಂಟರನ್ನು ಇಟ್ಟುಕೊಂಡು. ಅವಳು ಹಾಗೆ ಮಲಗಿದ್ದನ್ನು ನಾನು ಕಂಡಿರಲಿಲ್ಲ. ಒಂದು ಹೊದಿಕೆ ಹೊದಿಸಿ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತು ಕಣ್ಣು ಕೀಳದೆ ನೋಡಿದೆ.

ಬೀಗರು ಹೊರಟರು ಎಂದು ಯಾರೋ ಕೂಗಿದಾಗ ನಾನು ಎದ್ದು ತಲೆ ಸರಿಮಾಡಿಕೊಂಡು ಬಾಗಿಲಿಗೆ ಹೋದೆ. ಗಿರಿಜಾಂಬ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದವರು ನನ್ನನ್ನು ನೋಡಿ ನಿಂತರು. ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ತೇವವಾಗಿತ್ತು.

"ಇಷ್ಟು ದಿನ ನೀವು ಬಹಳ ಅನುಭವಿಸಿದೀರಿ ತುಂಗಮ್ಮನವರೇ," ಎಂದರು. "ಇನ್ನು ಸ್ವಲ್ಪ ಸುಧಾರಿಸ್ಕೊಳ್ಳಿ. ಬರ್ತೀವಿ."

ಹೋಗಿಬನ್ನಿ ಎಂದೆ.